ಮೊಳೆಗೆ ಬಾರದ ಬಿಲ್ಲೆ

ಬಾಗಿಲು ತೆಗೆದದ್ದೇ ತಡ, ಸೈಮಾಳ ತಲೆಯ ಮೇಲೆ ದಬಕ್ಕನೆ ಒಂದು ಗಾಡಿ ಹಿಮ ಬಿತ್ತು.

ಒಲೆಯ ಬೂದಿಯನ್ನು ಮೆಟ್ಟಿಲಿಗೆ ಚೆಲ್ಲೋಣ, ಯಾರೂ ಜಾರದಿರಲಿ ಅಂತ ಬಕೆಟ್ ಹಿಡಿದು ಬಂದಿದ್ದಳು ಪಾಪ. ಬೂದಿ, ಹಿಮ, ಹುಡುಗಿ ಮೂರೂ ಕಲಸಿ ಒಂದೇ ಮುದ್ದೆಯಾಯಿತು. ಕಣ್ಣೊರೆಸಿಕೊಂಡು ತಲೆಯೆತ್ತಿದರೆ ಸೂರಿನ ಮೇಲೆ ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡ ಗಂಡಸೊಬ್ಬ ಸಲಿಕೆ ಹಿಡಿದು ನಿಂತಿದ್ದಾನೆ. ದೊಡ್ಡಪ್ಪನ ಮಗ ರೈನೋ ಅಂದುಕೊಂಡಳು. ಇಂಥ ಎಡವಟ್ಟು ಮಾಡೋರು ಆ ಮನೆತನದಲ್ಲಿ ಅವನೊಬ್ಬನೇ.

"ಲೋ ಕತ್ತೆ! ಕಣ್ಣೇನು ಮನೇಲಿ ಬಿಚ್ಚಿಟ್ಟು ಬಂದಿದೀಯಾ? ಕೆಳಗೆ ಜನ ಓಡಾಡ್ತಾರೆ ಅನ್ನೋ ಜ್ಞಾನ ಬೇಡ್ವಾ? ಇಳಿ ಕೆಳಗೆ, ಇವತ್ತು ನಿನ್ನ ಚರ್ಮ ಸುಲೀತೀನಿ!"

ಮೇಲಿದ್ದವನು ಮಫ್ಲರ್ ಇಳಿಸಿದ. ರೈನೋ ಅಲ್ಲ. ಚಳಿಗೆ ಕೆಂಪಾದ ಮುಖ, ಹುಬ್ಬಿನ ತುಂಬ ಹಿಮ. ಈ ಕೇರಿಯಲ್ಲಿ ಅವಳು ಯಾವತ್ತೂ ಕಾಣದ ಮುಖ.

"ಲವ್‌ಡೇ ಅತ್ತೆ... ಮನೇಲಿಲ್ವಾ?" ಅಂದ, ಮೆತ್ತಗೆ.

"ಲವ್‌ಡೇ ಅತ್ತೆ ಮನೆ ಪಕ್ಕದ್ದು!"

"ಕೊನೆಯಿಂದ ಐದನೇದು ಅಂದಿದ್ರು."

"ಯಾವ ಕೊನೆಯಿಂದ?"

ಅವನು ಈ ಕಡೆ ನೋಡಿದ, ಆ ಕಡೆ ನೋಡಿದ. ತುಟಿಯಲ್ಲೇ ಎಣಿಸಿದ. ಹೆಮ್ಲಾಕ್ ಲೊಕೇಶನ್ ಅನ್ನುವ ಆ ಗಣಿಕೇರಿಯ ಸಾಲಿನಲ್ಲಿ ಇರುವುದೇ ಹತ್ತು ಮನೆ. ಗಣಿಯವರು ಒಂದೇ ಅಚ್ಚಿನಲ್ಲಿ ಹೊಡೆದು ನಿಲ್ಲಿಸಿದವು. ಅದೇ ಕೆಂಪು ಬಣ್ಣ, ಅದೇ ಎರಡು ಕಿಟಕಿ. ಜನವರಿಯಲ್ಲಿ ಹಿಮ ಕಿಟಕಿಯ ಮಟ್ಟಕ್ಕೆ ಬಂದ ಮೇಲೆ ಅಲ್ಲೇ ಹುಟ್ಟಿದವರೂ ಹೊಗೆಕೊಳವೆ ಎಣಿಸಿಕೊಂಡೇ ಮನೆ ಸೇರಬೇಕು. ಈ ಪುಣ್ಯಾತ್ಮ ತಪ್ಪು ತುದಿಯಿಂದ ಎಣಿಸಿ, ಬೆಳಗ್ಗೆಯಿಂದ ಬೆವರು ಸುರಿಸಿ, ಗುರುತಿಲ್ಲದವರ ಸೂರನ್ನು ಕನ್ನಡಿ ಹಾಗೆ ಬಳಿದಿಟ್ಟಿದ್ದ.

"ಬಯ್ಯೋದು ಆಮೇಲೆ ಬಯ್ಯೋವಂತೆ," ಒಳಗಿಂದ ಸೈಮಾಳ ತಾಯಿ ಲೆಂಪಿ ಕೂಗಿದಳು. "ಮೊದ್ಲು ಒಳಗೆ ಕರಿ. ಗಂಡು ದಿಕ್ಕಿಲ್ಲದ ಮನೆ ಸೂರು ಬಿಟ್ಟಿಯಾಗಿ ಬಳಿದುಕೊಟ್ಟವನನ್ನ ಕಾಫಿ ಕೊಡದೆ ಕಳಿಸ್ತಾರೇನೆ?"

ಇದು ಐವತ್ತೆರಡನೇ ಇಸವಿಯ ಮಾತು. ಸೈಮಾಗೆ ಆಗ ಇಪ್ಪತ್ತು.

ಅಡುಗೆಮನೆಯಲ್ಲಿ ಅವನು ಕುರ್ಚಿಯ ತುದಿಯಲ್ಲಿ ಕೂತ. ಹೆಸರು ಡೆನ್ಜಿಲ್ ಟ್ರೆವಾರೋ, ಲವ್‌ಡೇ ಅತ್ತೆಯ ತಮ್ಮನ ಮಗ. ಅವರದು ಸಮುದ್ರದಾಚೆಯ ಕಾರ್ನ್‌ವಾಲ್ ಕಡೆಯಿಂದ ಬಂದ ಗಣಿಯವರ ವಂಶ. ಮೂವತ್ತು ಮೈಲಿ ಆಚೆ ಅವನಿದ್ದ ಗಣಿ ಮುಚ್ಚಿತಂತೆ, ಇಲ್ಲಿ ಕೆಲಸ ಸಿಕ್ಕಿ ಮೂರು ದಿನ, ಅತ್ತೆಯ ಮನೆಗೆ ಇವತ್ತೇ ಮೊದಲ ಸಲ ಬಂದದ್ದು. ಲೆಂಪಿ ಏಲಕ್ಕಿ ಹಾಕಿದ ಬ್ರೆಡ್ಡು ಕೊಯ್ದಿಟ್ಟಳು. ಸಕ್ಕರೆ ಅಚ್ಚನ್ನು ಹಲ್ಲಿನ ನಡುವೆ ಇಟ್ಟುಕೊಂಡು ಅದರ ಮೇಲೆ ಕಾಫಿ ಹೀರಬೇಕು ಅಂತ ತೋರಿಸಿದಳು, ಅವರಂಥ ಫಿನ್ನಿಶ್ ವಲಸಿಗರ ಮನೆಗಳಲ್ಲಿ ಹಾಗೇ. ಡೆನ್ಜಿಲ್ ಅಚ್ಚನ್ನು ಕಟುಂ ಅಂತ ಕಡಿದು ನುಂಗಿಬಿಟ್ಟ.

ಸೈಮಾ ನಗಬಾರದು ಅಂತ ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ಅವನೂ ಅವಳನ್ನೇ ನೋಡುತ್ತಿದ್ದ. ಇಬ್ಬರೂ ಒಟ್ಟಿಗೇ ಕಣ್ಣು ತಪ್ಪಿಸಿದರು, ಯಾರು ಮೊದಲು ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಹೋಗುವಾಗ ಸಲಿಕೆ ಮರೆತು ಹೋದ. ಹಿಡಿಯ ಮೇಲೆ ಕಾದ ಕಂಬಿಯಲ್ಲಿ ಸುಟ್ಟು ಬರೆದಿತ್ತು: ೨೧೪. ಅಲ್ಲಿಯ ಗಂಡಸರೆಲ್ಲ ತಮ್ಮ ಸಾಮಾನಿಗೆ ಗಣಿಯ ಬಿಲ್ಲೆಯ ನಂಬರನ್ನೇ ಹಾಕುವುದು. ಊಟದ ಡಬ್ಬಿ, ಗಮ್ ಬೂಟು, ಸಲಿಕೆ, ಎಲ್ಲಕ್ಕೂ. ಬೆಳಗ್ಗೆ ಕೆಳಗಿಳಿಯುವಾಗ ಗಣಿಯ ಬಾಯಲ್ಲಿರುವ ಹಲಗೆಯ ಮೊಳೆಯಿಂದ ತನ್ನ ಹಿತ್ತಾಳೆ ಬಿಲ್ಲೆ ತಗೊಳ್ಳಬೇಕು, ಮೇಲೆ ಬಂದ ಮೇಲೆ ಅದೇ ಮೊಳೆಗೆ ನೇತುಹಾಕಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಭೂಮಿಯ ಒಳಗಿದ್ದಾನೆ ಅಂತ. ಆ ಊರಿನಲ್ಲಿ ಮಕ್ಕಳು ಅಕ್ಷರ ಕಲಿಯುವುದಕ್ಕೆ ಮುಂಚೆ ಇದನ್ನು ಕಲಿತಿರುತ್ತಾರೆ.

ಸೈಮಾ ಮೂರು ದಿನ ಸಲಿಕೆ ವಾಪಸ್ಸು ಕೊಡಲಿಲ್ಲ. ಕೇಳಿಕೊಂಡು ಅವನೇ ಬರಲಿ ಅಂತ.

*

ಆಮೇಲೆ ಶುರುವಾಯಿತು ನೋಡಿ ಬೆಂಕಿಪೊಟ್ಟಣದ ವ್ಯಾಪಾರ.

ಸೈಮಾ ಕೆಲಸ ಮಾಡುತ್ತಿದ್ದದ್ದು ಸಹಕಾರಿ ಅಂಗಡಿಯಲ್ಲಿ. ಪ್ರತಿ ಸಂಜೆ ಪಾಳಿ ಮುಗಿಸಿ ಡೆನ್ಜಿಲ್ ಬರುತ್ತಿದ್ದ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕಬ್ಬಿಣದ ಅದಿರಿನ ಕೆಂಪು ಹಾಗೇ. ಸಾಲಿನಲ್ಲಿ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ತಾನು ನಿಲ್ಲುವನು.

"ಒಂದು ಬೆಂಕಿಪೊಟ್ಟಣ."

"ನಿನ್ನೆ ಒಂದು ತಗೊಂಡ್ರಲ್ಲ?"

"ಖಾಲಿ ಆಯ್ತು."

"ಸಿಗರೇಟು ಗಿಗರೇಟು ಏನೂ ಸೇದಲ್ಲ ಅಂತ ನಿಮ್ಮತ್ತೆ ಊರೆಲ್ಲ ಹೊಗಳ್ತಾರೆ. ದಿನಕ್ಕೊಂದು ಪೊಟ್ಟಣ ಏನು ಮಾಡ್ತೀರ? ಲೊಕೇಶನ್ನಿಗೆ ಬೆಂಕಿ ಇಡೋ ಯೋಚನೆ ಏನಾದ್ರೂ?"

"ಲೊಕೇಶನ್ನಿಗೆಲ್ಲ ಬೇಡ," ಅಂದ ಅವನು, ಗಂಭೀರವಾಗಿ. "ಕೊನೆಯಿಂದ ಐದನೇ ಮನೆಗೆ ಹತ್ತಿದ್ರೆ ಸಾಕು."

"ಯಾವ ಕೊನೆಯಿಂದ?" ಅಂತ ಬಾಯಿಗೆ ಬಂತು. ಸೈಮಾ ತಡೆದುಕೊಂಡಳು. ಆದರೆ ಕಿವಿ ಕೆಂಪಾದದ್ದನ್ನು ತಡೆಯುವುದಕ್ಕಾಗುತ್ತದೆಯೇ? ಜಡೆ ಎತ್ತಿ ಕಟ್ಟಿದ್ದಳು ಬೇರೆ.

ಮಾರ್ಚ್ ಹೊತ್ತಿಗೆ 'ನೀವು' ಹೋಗಿ 'ನೀನು' ಬಂತು. ಶನಿವಾರ ಲೆಂಪಿಯ ಹಿತ್ತಲಿನ ಸೌನಾಕ್ಕೆ, ಅಂದರೆ ಹಬೆಸ್ನಾನದ ಗುಡಿಸಲಿಗೆ, ಅವನಿಗೂ ಕರೆ ಹೋಯಿತು. ಶನಿವಾರ ಸೌನಾದ ಹೊಗೆ ಎದ್ದರೆ ಅಕ್ಕಪಕ್ಕದವರೆಲ್ಲ ಟವೆಲ್ ಹಿಡಿದು ಬರುವುದು ರೂಢಿ. ಮೊದಲು ಗಂಡಸರು, ಆಮೇಲೆ ಹೆಂಗಸರು, ಕೊನೆಗೆ ಎಲ್ಲರಿಗೂ ಅಡುಗೆಮನೆಯಲ್ಲಿ ಕಾಫಿ. ಡೆನ್ಜಿಲ್ ಜನ್ಮದಲ್ಲಿ ಸೌನಾ ಕಂಡವನಲ್ಲ. ಕಾದ ಕಲ್ಲಿನ ಮೇಲೆ ಮೂರನೇ ಸೌಟು ನೀರು ಬಿದ್ದದ್ದೇ ಟವೆಲ್ ಸುತ್ತಿಕೊಂಡು ಹೊರಗೆ ಹಾರಿ ಹಿಮದ ರಾಶಿಯಲ್ಲಿ ತಲೆ ಹುದುಗಿಸಿದ.

"ಎರಡು ಸಾವಿರ ಅಡಿ ಕೆಳಗೆ ಇಳಿಯೋ ಗಂಡಸು, ಮೂರು ಸೌಟು ನೀರಿಗೆ ಓಡಿಬಂದ್ನಲ್ಲೇ!" ಲೆಂಪಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸೈಮಾಳೂ ನಕ್ಕಳು. ಆದರೆ ಎರಡು ಸಾವಿರ ಅಡಿ ಅನ್ನುವ ಮಾತು ಅವಳ ಕಿವಿಯಲ್ಲಿ ಉಳಿಯಿತು.

ಅವಳಿಗೆ ಒಂಬತ್ತು ವರ್ಷ ಇದ್ದಾಗ ಒಂದು ಬೆಳಗ್ಗೆ ಅಪ್ಪ ನೂರಾ ಹದಿನೆಂಟನೇ ಬಿಲ್ಲೆ ತಗೊಂಡು ಇಳಿದ. ಆ ಮೊಳೆ ಖಾಲಿಯೇ ಉಳಿಯಿತು. ಹಾಗಾದಾಗ ಗಣಿಯ ಗೇಟಿನ ಒಳಗೆ ಒಂದು ಹಗ್ಗ ಕಟ್ಟುತ್ತಾರೆ. ಬಿಲ್ಲೆ ಬಾರದವನ ಮನೆಯವರಿಗೆ ಮಾತ್ರ ಹಗ್ಗದ ಆಚೆ ಜಾಗ. ಅಲ್ಲಿ ಅಮ್ಮನ ಕೋಟು ಹಿಡಿದುಕೊಂಡು ನಾಲ್ಕು ದಿನ ನಿಂತಿದ್ದಳು. ನಾಲ್ಕನೇ ದಿನ ಅಪ್ಪನನ್ನು ತಂದರು. ಆವತ್ತು ಆ ಪುಟ್ಟ ಹುಡುಗಿ ಹಲ್ಲು ಕಚ್ಚಿ ಒಂದು ನಿರ್ಧಾರ ಮಾಡಿದ್ದಳು: ದೊಡ್ಡವಳಾದ ಮೇಲೆ ಈ ಹಗ್ಗದ ಆಚೆ ನಿಲ್ಲುವ ಹೆಂಗಸು ನಾನಾಗುವುದಿಲ್ಲ. ಏನು ಬೇಕಾದರೂ ಆಗಲಿ, ಅದೊಂದು ಬೇಡ.

*

ಡಿಸೆಂಬರಿನ ಒಂದು ಸಂಜೆ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ನಡೆದು ಬರುತ್ತಿದ್ದರು. ರಸ್ತೆಯ ಎರಡು ಕಡೆ ಆಳೆತ್ತರ ಹಿಮದ ಗೋಡೆ. ಗಣಿಯ ಹತ್ತಿರದ ಹಿಮ ಅಲ್ಲಿ ಬೆಳ್ಳಗಿರುವುದಿಲ್ಲ, ಅದಿರಿನ ಧೂಳು ಕೂತು ನಸುಗೆಂಪಾಗಿರುತ್ತದೆ.

"ಸೈಮಾ, ಒಂದು ಕಷ್ಟಕ್ಕೆ ಸಿಕ್ಕಿಹಾಕ್ಕೊಂಡಿದೀನಿ," ಅಂದ ಡೆನ್ಜಿಲ್.

"ಏನಪ್ಪಾ ಅಂಥದ್ದು?"

"ನನ್ನ ರೂಮಲ್ಲಿ ಇನ್ನೂರ ಎಂಬತ್ತು ಬೆಂಕಿಪೊಟ್ಟಣ ಇದೆ. ಕಾಲಿಡೋಕೆ ಜಾಗ ಇಲ್ಲ. ಅತ್ತೆ ದಿನಾ ಬೈತಾರೆ. ನೀನೇ ಬಂದು ಒಂದು ಗತಿ ಕಾಣಿಸ್ಬೇಕು ಅದಕ್ಕೆ."

"ನಾನು ಬಂದು ಏನು ಮಾಡ್ಲಿ?"

"ದಿನಾ ಒಂದೊಂದು ಕಡ್ಡಿ ಗೀರಿ ಒಲೆ ಹಚ್ಚು. ಎಷ್ಟು ವರ್ಷ ಬರುತ್ತೋ ಅಷ್ಟು ವರ್ಷ. ಮುಗಿದ್ಮೇಲೆ ಬೇರೆ ತಂದ್ರಾಯ್ತು."

ಅವಳು ನಕ್ಕಳು. ಅಯ್ಯೋ, ಇಷ್ಟು ಚೆಂದವಾಗಿ ಯಾಕೆ ಕೇಳಿದ ಇವನು? ಒರಟಾಗಿ ಕೇಳಿದ್ದರೆ ಒಲ್ಲೆ ಅನ್ನುವುದು ಸುಲಭವಾಗುತ್ತಿತ್ತು.

"ಗಣಿ ಬಿಡ್ತೀಯಾ?"

ಡೆನ್ಜಿಲ್ ಬೂಟಿನ ತುದಿಯಿಂದ ಹಿಮ ಕೆದಕಿದ. "ಬಿಡ್ತೀನಿ ಅಂತ ಸುಳ್ಳು ಹೇಳಲಾ? ನಮ್ಮಪ್ಪ, ತಾತ, ಅವರಪ್ಪ, ಎಲ್ಲಾ ಇದೇ. ನನಗೆ ಬರೋದೇ ಇದೊಂದು ಕೆಲಸ. ಕೆಳಗೆ ಬಂಡೆ ತಟ್ಟಿದ್ರೆ ಯಾವುದು ಗಟ್ಟಿ ಯಾವುದು ಪೊಳ್ಳು ಅಂತ ನನಗೆ ಕೇಳುತ್ತೆ ಸೈಮಾ. ಮೇಲೆ ಇದ್ರೆ ನಾನು ಬರೀ ಎಡವಟ್ಟು."

"ಹಾಗಾದ್ರೆ ಬೇಡ."

"ನಾನು ಬೇಡ್ವಾ?"

"ನೀನು ಬೇಕು ಕಣೋ! ಅದಕ್ಕೇ ಬೇಡ ಅಂದಿದ್ದು. ಆ ಹಗ್ಗದ ಆಚೆ ನಾನು ಮತ್ತೆ ನಿಲ್ಲಲ್ಲ. ನಿಂತವಳಿಗೆ ಮಾತ್ರ ಗೊತ್ತು ಅದು ಏನು ಅಂತ."

ಆಮೇಲೆ ಅವಳು ತಡಮಾಡಲಿಲ್ಲ. ದೂರದ ಮಿಲ್ವಾಕಿ ನಗರದಲ್ಲಿ ಚಿಕ್ಕಮ್ಮನ ಮಗಳೊಬ್ಬಳು ಟೋಪಿ ಅಂಗಡಿಯಲ್ಲಿದ್ದಳು, ಅಲ್ಲೇ ಇವಳಿಗೂ ಕೆಲಸ ಅಂತ ಕಾಗದ ಬಂತು. ಜನವರಿಯ ಒಂದು ಶುಕ್ರವಾರ, ನಾಲ್ಕು ಗಂಟೆಯ ಬಸ್ಸು. ಅಂಗಡಿಗೆ ಬಂದ ಡೆನ್ಜಿಲ್‌ಗೆ ಅವಳೇ ಹೇಳಿದಳು. "ಬಸ್ಸಿನ ಹತ್ತಿರ ಬರಬೇಡ. ನಿನ್ನ ಮುಖ ನೋಡಿದ್ರೆ ಹತ್ತೋಕೆ ಆಗಲ್ಲ ನನಗೆ." ಅವನು ತಲೆಯಾಡಿಸಿ, ಬೆಂಕಿಪೊಟ್ಟಣ ತಗೊಳ್ಳದೆ ಹೋದ. ಕೌಂಟರಿನ ಮೇಲೆ ಅದು ಅಂಗಡಿ ಮುಚ್ಚುವವರೆಗೂ ಹಾಗೇ ಬಿದ್ದಿತ್ತು.

ಪೆಟ್ಟಿಗೆ ಕಟ್ಟುವ ದಿನ ಲೆಂಪಿ ಮಡಿಸಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಿಸುತ್ತ ಕೂತಿದ್ದಳು.

"ನಿಮ್ಮಪ್ಪನ ಜೊತೆ ಹನ್ನೊಂದು ವರ್ಷ ಬಾಳ್ದೆ ಕಣೇ," ಅಂದಳು ಇದ್ದಕ್ಕಿದ್ದಂತೆ. "ಹನ್ನೊಂದು ವರ್ಷ. ಅವನು ಹಾಡ್ಕೊಂಡು ಸೌನಾ ಕಾಯಿಸ್ತಿದ್ದ. ನೀನು ನೋಡಿದ್ರೆ ಯಾವಾಗ್ಲೂ ಆ ನಾಲ್ಕು ದಿನದ ಮಾತೇ ಆಡ್ತೀಯ."

"ಆ ನಾಲ್ಕು ದಿನ ನೀನು ಅತ್ತಿದ್ದು ನಾನು ನೋಡಿದೀನಮ್ಮ."

"ಹೂಂ. ನಕ್ಕಿದ್ದು ನೋಡಕ್ಕೆ ನೀನು ತೀರಾ ಚಿಕ್ಕೋಳು." ಅಷ್ಟು ಹೇಳಿ ಲೆಂಪಿ ಪೆಟ್ಟಿಗೆಯ ಮುಚ್ಚಳ ಹಾಕಿದಳು.

*

ಶುಕ್ರವಾರ ಮೂರು ಗಂಟೆಗೆ ಹಗಲು ಪಾಳಿ ಬಿಟ್ಟಿತು. ಮೂರೂಕಾಲಿಗೆ ತಾಯಿ ಮಗಳು ಮನೆಯಿಂದ ಹೊರಟರು. ಒದ್ದು ನೂಕುವ ಜಾರುಬಂಡಿಯ ಮೇಲೆ ಪೆಟ್ಟಿಗೆ, ಹಿಂದೆ ಸೈಮಾ. ಪೇಟೆಯ ಬಸ್ ಸ್ಟಾಪಿಗೆ ಒಂದೂವರೆ ಮೈಲಿ, ದಾರಿ ಗಣಿಯ ಗೇಟಿನ ಮುಂದೆಯೇ. ಆ ಕಡೆ ನೋಡಬಾರದು ಅಂತ ಅವಳು ತಲೆ ಬಗ್ಗಿಸಿ ಬಂಡಿ ನೂಕುತ್ತಿದ್ದಳು.

ಗೇಟು ಹತ್ತು ಹೆಜ್ಜೆ ಇರುವಾಗ ಸೈರನ್ ಕೂಗಿತು.

ಪಾಳಿಯ ಸೈರನ್ ಒಂದು ಸಲ ಕೂಗಿ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಸೈಮಾ ಹನ್ನೆರಡು ವರ್ಷದ ಹಿಂದೆ ಕೇಳಿದ ಅದೇ ಕೂಗು. ಸಾಲುಮನೆಗಳ ಬಾಗಿಲು ಒಂದೊಂದಾಗಿ ತೆರೆದವು. ಹೆಂಗಸರು ಏಪ್ರನ್ನಿನಲ್ಲೇ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದರು. ಮನೆ ಸೇರಿದ್ದ ಗಂಡಸರು ಮತ್ತೆ ಬೂಟು ಹಾಕಿಕೊಂಡು ಬಂದರು.

"ಒಂದು ಬಿಲ್ಲೆ ಬಂದಿಲ್ಲ," ಯಾರೋ ಅಂದರು. "ಹುಡುಕೋಕೆ ಅಂತ ಗಣಿ ಕ್ಯಾಪ್ಟನ್ ಆಳಿಳಿಸೋ ಕೇಜು ಮತ್ತೆ ಕೆಳಗೆ ಬಿಡ್ತಿದಾರೆ."

"ಎಷ್ಟನೇದು?"

"ಇನ್ನೂರ ಹದಿನಾಲ್ಕು."

ಸೈಮಾ ಬಂಡಿಯ ಹಿಡಿ ಬಿಟ್ಟಳು. ಪೆಟ್ಟಿಗೆ ಹೊತ್ತ ಬಂಡಿ ತನ್ನಷ್ಟಕ್ಕೆ ತಾನು ಇಳಿಜಾರಿನಲ್ಲಿ ಜಾರಿ ಹಿಮದ ಗೋಡೆಗೆ ಮೂತಿ ಇಟ್ಟು ನಿಂತಿತು. ಅವಳು ಜನರ ನಡುವೆ ನುಗ್ಗಿದಳು. ಹಗ್ಗ ಆಗಲೇ ಕಟ್ಟಿತ್ತು. ಆಚೆ ಲವ್‌ಡೇ ಅತ್ತೆ ಒಬ್ಬಳೇ ನಿಂತಿದ್ದಳು. ಗೇಟಿನ ಕಾವಲುಗಾರ ಊರಿಗೆ ಹೊಸಬ. ಅಡ್ಡ ಕೈ ಚಾಚಿದ.

"ಎಲ್ಲಿಗಮ್ಮಾ? ಮನೆಯವರು ಮಾತ್ರ ಒಳಗೆ. ನೀನು ಯಾರ ಕಡೆಯವಳು?"

ಹಿಂದೆ ಇಡೀ ಲೊಕೇಶನ್ ನಿಂತಿತ್ತು. ಅಂಗಡಿಯ ಗಿರಾಕಿಗಳು, ಚರ್ಚಿನವರು, ರೈನೋ, ಅಮ್ಮ.

"ಮನೆಯವಳೇ," ಅಂದಳು ಸೈಮಾ. ಸಾಲದೇನೋ ಅನ್ನಿಸಿ ಜೋರಾಗಿ ಹೇಳಿದಳು. "ಇನ್ನೂರ ಹದಿನಾಲ್ಕರ ಮನೆಯವಳು ನಾನು. ಬಿಡಿ ಒಳಗೆ!"

ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಕಾವಲುಗಾರ ಹಗ್ಗ ಎತ್ತಿದ. ಅವಳು ಬಗ್ಗಿ ಆಚೆ ಹೋದಳು. ಯಾವ ಜಾಗದಲ್ಲಿ ಮತ್ತೆ ಕಾಲಿಡುವುದಿಲ್ಲ ಅಂದಿದ್ದಳೋ ಅದೇ ಜಾಗಕ್ಕೆ, ತಾನೇ ಕೇಳಿಕೊಂಡು, ಜಗಳ ಆಡಿಕೊಂಡು ಹೋಗಿ ನಿಂತಳು. ಲವ್‌ಡೇ ಅತ್ತೆ ಅವಳ ಕೈ ಹಿಡಿದುಕೊಂಡಳು.

"ಅವನ ಜೋಡಿಯವನಿಗೆ ಜ್ವರ ಅಂತೆ ಮಗಳೇ. ಇವತ್ತು ಬೇರೆಯವರ ಜೊತೆ ಹಾಕಿದ್ರಂತೆ. ಮುಂದಿನ ಕೇಜಲ್ಲಿ ಬರ್ತಾನೆ ಅಂದ್ಕೊಂಡ್ರಂತೆ ಎಲ್ಲಾ."

ಸೈಮಾ ಹಲಗೆಯನ್ನೇ ನೋಡುತ್ತ ನಿಂತಳು. ನೂರಾರು ಮೊಳೆ, ನೂರಾರು ಬಿಲ್ಲೆ, ಒಂದು ಮೊಳೆ ಖಾಲಿ. ಅವನು ಅಚ್ಚು ಸಕ್ಕರೆ ಕಡಿದು ನುಂಗಿದ್ದು ನೆನಪಾಯಿತು. ಕೌಂಟರಿನ ಮೇಲೆ ಉಳಿದ ಬೆಂಕಿಪೊಟ್ಟಣ ನೆನಪಾಯಿತು. ಒಂದೇ ಒಂದು ಸಲ ಹೂಂ ಅಂದಿದ್ದರೆ ಈ ಒಂದು ತಿಂಗಳಾದರೂ ತನ್ನ ಪಾಲಿಗೆ ಇರುತ್ತಿತ್ತಲ್ಲ. ನಿಲ್ಲುವುದು ತಪ್ಪಲಿಲ್ಲ, ಬಾಳುವುದು ಮಾತ್ರ ತಪ್ಪಿಹೋಯಿತು. ಇದೆಂಥ ದಡ್ಡತನ ಮಾಡಿದೆ ನಾನು! ಅವಳಿಗೆ ಅಳುವೂ ಬರಲಿಲ್ಲ.

ಹೀಗೆ ನಲವತ್ತು ನಿಮಿಷ. ಕೇಜು ಎರಡು ಸಲ ಖಾಲಿ ಬಂತು.

*

ಇತ್ತ ನಮ್ಮ ಮಹಾರಾಯನ ಕಥೆ ಕೇಳಿ.

ಮೂರು ಗಂಟೆಗೆ ಸರಿಯಾಗಿ, ಮೊದಲನೇ ಕೇಜಿನಲ್ಲೇ ಡೆನ್ಜಿಲ್ ಮೇಲೆ ಬಂದಿದ್ದ. ಹಲಗೆಯ ಮುಂದೆ ಬಿಲ್ಲೆ ಹಾಕುವವರ ಸಾಲು ನೋಡಿದರೆ ಇಪ್ಪತ್ತು ಜನ. ಬಸ್ಸು ನಾಲ್ಕಕ್ಕೆ. ಬರಬೇಡ ಅಂದಿದ್ದಳು ನಿಜ, ದೂರದಲ್ಲಿ ನಿಂತು ನೋಡಬೇಡ ಅಂದಿರಲಿಲ್ಲವಲ್ಲ. ಸ್ನಾನಕ್ಕೂ ನಿಲ್ಲದೆ, ಕೆಂಪು ಧೂಳಿನ ಬಟ್ಟೆಯಲ್ಲೇ ಪಕ್ಕದ ಬಾಗಿಲಿನಿಂದ ನುಸುಳಿ, ಹೆಪ್ಪುಗಟ್ಟಿದ ಕೆರೆಯ ಮೇಲಿನ ಅಡ್ಡದಾರಿ ಹಿಡಿದು ಪೇಟೆಗೆ ಓಡಿದ. ಧೂಳು ಮೆತ್ತಿದ ಮೇಲೆ ಆ ಗಂಡಸರೂ ಆ ಮನೆಗಳ ಹಾಗೇ, ಎಲ್ಲರೂ ಒಂದೇ. ಯಾರೂ ಗಮನಿಸಲಿಲ್ಲ. ಬಿಲ್ಲೆ ಅಂಗಿಯ ಜೇಬಿನಲ್ಲೇ ಉಳಿಯಿತು.

ಔಷಧಿ ಅಂಗಡಿಯ ಮೂಲೆಯಲ್ಲಿ ಮರೆಯಾಗಿ ನಿಂತು ರಸ್ತೆ ಕಾಯುತ್ತಿದ್ದಾಗ ಸೈರನ್ ಕೇಳಿಸಿತು. ಯಾರೋ ಕೆಳಗೆ ಉಳಿದಿದ್ದಾನೆ. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿದೆ. ನಿಂತರೆ ಅವಳನ್ನು ಕೊನೆಯ ಸಲ ನೋಡಬಹುದು. ಡೆನ್ಜಿಲ್ ರಸ್ತೆಯ ತುದಿಯನ್ನು ಒಂದು ಸಲ ನೋಡಿದ, ಆಮೇಲೆ ಗಣಿಯ ಕಡೆ ತಿರುಗಿ ನಡೆದ. ಸೈರನ್ ಕೂಗಿದಾಗ ಹೋಗದವನು ಗಣಿಯವನೇ ಅಲ್ಲ. ದಾರಿಯಲ್ಲಿ ತಮ್ಮ ಗಣಿಯ ಉಗ್ರಾಣಕ್ಕೆ ನುಗ್ಗಿ, ಬೇಕಾಗುತ್ತದೆ ಅಂತ ಒಂದು ಸುತ್ತು ಹಗ್ಗ, ಎರಡು ಲಾಟೀನು ಹೆಗಲಿಗೇರಿಸಿದ. ಆ ಭಾರ ಹೊತ್ತು ಗೇಟಿಗೆ ಬರುವ ಹೊತ್ತಿಗೆ ನಾಲ್ಕು ಹೊಡೆದಿತ್ತು.

ಗುಂಪಿನ ಹಿಂದೆ ನಿಂತು ಏದುಸಿರು ಬಿಡುತ್ತ ಮುಂದಿನವನ ಬೆನ್ನು ತಟ್ಟಿದ.

"ಯಾರಂತೆ ಮಾರಾಯ, ಒಳಗೆ ಉಳಿದಿರೋದು?"

ಮುಂದಿನವನು ರೈನೋ. ತಿರುಗಿದ. ಮೇಲಿಂದ ಕೆಳಗೆ ಎರಡು ಸಲ ನೋಡಿದ.

"ನೀನಂತೆ," ಅಂದ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ಇಲ್ಲಿ ಕೂಸೇ ಲಾಟೀನು ಹಿಡಿದು ತನ್ನನ್ನು ತಾನೇ ಹುಡುಕಲು ಬಂದಿತ್ತು. ಡೆನ್ಜಿಲ್ ಎದೆಯ ಜೇಬು ಮುಟ್ಟಿ ನೋಡಿಕೊಂಡ. ತಣ್ಣಗೆ, ದುಂಡಗೆ ಬಿಲ್ಲೆ ಅಲ್ಲೇ ಇತ್ತು. ಅವನ ಮುಖ ಬಿಳಿಚಿದ್ದು ಕೆಂಪು ಧೂಳಿನ ಮೇಲೂ ಕಂಡಿತಂತೆ.

ಗುಂಪು ದಾರಿ ಬಿಟ್ಟಿತು. ದಾರಿಯ ಆ ತುದಿಯಲ್ಲಿ, ಹಗ್ಗದ ಆಚೆ, ಊರು ಬಿಟ್ಟು ಹೋಗಿರಬೇಕಾದ ಹುಡುಗಿ ನಿಂತಿದ್ದಳು.

"ಸೈಮಾ? ನೀನು ಅಲ್ಲಿ ಯಾಕೆ ನಿಂತಿದೀಯ?"

ಸೈಮಾ ಹಗ್ಗ ದಾಟಿ ಬಂದಳು. ಉಣ್ಣೆಯ ಕೈಗವಸು ಬಿಚ್ಚಿ ಅದರಿಂದಲೇ ಅವನ ಎದೆಗೆ, ಭುಜಕ್ಕೆ, ತಲೆಗೆ ಸಿಕ್ಕಸಿಕ್ಕಲ್ಲಿ ಬಾರಿಸಿದಳು. ಪ್ರತಿ ಏಟಿಗೂ ಕೆಂಪು ಧೂಳು ಹಾರಿತು. ಅವನು ಹೊಡೆಸಿಕೊಳ್ಳುತ್ತ ನಿಂತ. ಕೊನೆಗೆ ಆ ಧೂಳಿನ ಅಂಗಿಗೇ ಮುಖ ಒತ್ತಿ ಅತ್ತಳು. ನಲವತ್ತು ನಿಮಿಷದ ಅಳು, ಹನ್ನೆರಡು ವರ್ಷದ ಅಳು, ಎಲ್ಲ ಒಟ್ಟಿಗೆ.

"ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ ಅಂತ ಸುಮ್ನೆ ಹೇಳ್ತಾರಾ?" ಬಿಕ್ಕುತ್ತಲೇ ಬೈದಳು. "ಮೊದಲು ಮನೆ ತಪ್ಪಿ ಬಂದೆ. ಈಗ ಬಿಲ್ಲೆ ಹಾಕೋದು ಮರೆತೆ. ನಿನ್ನ ಕಟ್ಕೊಂಡು ನಾನು ಹೇಗೆ ಬಾಳೋದು ಹೇಳು!"

"ಕಟ್ಕೊಳ್ಳಲ್ಲ ಅಂದಿದ್ಯಲ್ಲ..."

"ಬಾಯ್ಮುಚ್ಚು. ಮದುವೆ ಆಗದೇನೇ ಹಗ್ಗದ ಆಚೆ ನಿಂತಾಯ್ತು. ನಿಲ್ಲೋದು ನನ್ನ ಹಣೇಲಿ ಬರೆದಿದೆ ಅಂದ್ಮೇಲೆ ಬಾಳೋದು ಮಾತ್ರ ಯಾಕೆ ಬಿಡ್ಲಿ?"

ಡೆನ್ಜಿಲ್ ಲಾಟೀನು ಕೆಳಗಿಟ್ಟ. ಕೈ ಎಲ್ಲಿಡಬೇಕೆಂದು ತಿಳಿಯದೆ ಅವಳ ಜಡೆಯ ಮೇಲೆ ಮೆಲ್ಲಗೆ ಇಟ್ಟ. ಐದು ಬೆರಳು ಕೆಂಪಗೆ ಮೂಡಿದವು.

"ಮೊದ್ಲು ಆ ಬಿಲ್ಲೆ ಮೊಳೆಗೆ ಹಾಕೋ!" ಕ್ಯಾಪ್ಟನ್ ಹಿಂದಿನಿಂದ ಗುಡುಗಿದರು. "ಆಮೇಲೆ ಏನು ಬೇಕಾದ್ರೂ ಮಾಡ್ಕೋ. ಹುಡುಕೋಕೆ ಹೋಗಿರೋ ಆರು ಜನರನ್ನ ನಾನು ಮೇಲೆ ಕರೆಸ್ಬೇಕು!"

ಅವನು ಹೋಗಿ ಬಿಲ್ಲೆಯನ್ನು ಮೊಳೆಗೆ ಹಾಕಿದ. ಟಿಣ್ ಅಂತ ಒಂದು ಸಣ್ಣ ಸದ್ದು. ಆಗ ಊರಿಗೆ ಊರೇ ನಕ್ಕಿತು ನೋಡಿ, ಲೆಂಪಿ ಹಿಮದ ಮೇಲೇ ಕೂತುಬಿಟ್ಟಳು ನಗು ತಡೆಯಲಾರದೆ. 'ತನ್ನನ್ನೇ ಹುಡುಕಿಕೊಂಡು ಬಂದವನು' ಅನ್ನುವ ಹೆಸರು ಡೆನ್ಜಿಲ್‌ಗೆ ಇವತ್ತಿಗೂ ಅಂಟಿಕೊಂಡಿದೆ.

*

ಜೂನಿನಲ್ಲಿ ಮದುವೆಯಾಗಿ ಡೆನ್ಜಿಲ್ ಲೆಂಪಿಯ ಮನೆಗೇ ಬಂದ. ಹತ್ತು ವರ್ಷ ಆ ಮನೆಗೆ ಬೆಂಕಿಪೊಟ್ಟಣ ಕೊಳ್ಳಲಿಲ್ಲ. ಅವನು ಇಪ್ಪತ್ತಾರು ವರ್ಷ ಗಣಿಗೆ ಇಳಿದ, ಇಪ್ಪತ್ತಾರು ವರ್ಷವೂ ಮೇಲೆ ಬಂದ. ಪಾಳಿ ಬಿಡುವ ಹೊತ್ತಿಗೆ ಪ್ರತಿ ದಿನ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು, ಹಿಟ್ಟು ನಾದುತ್ತಿದ್ದರೂ ಸರಿ, ಮಗು ಎತ್ತಿಕೊಂಡಿದ್ದರೂ ಸರಿ. ಬೂಟಿನ ಸದ್ದು ಕೇಳಿದ ಮೇಲೆ ಮತ್ತೆ ಕೆಲಸ. ಗಣಿ ಮುಚ್ಚಿದ ದಿನ ಗಂಡಸರೆಲ್ಲ ತಮ್ಮ ತಮ್ಮ ಬಿಲ್ಲೆ ಮನೆಗೆ ತಂದರು. ಸೈಮಾ ಅಡುಗೆಮನೆಯ ಬಾಗಿಲ ಪಕ್ಕ ಒಂದು ಮೊಳೆ ಹೊಡೆದುಕೊಟ್ಟಳು.

ಈಗ ಅವನಿಗೆ ಎಂಬತ್ನಾಲ್ಕು. ಎರಡು ವರ್ಷದಿಂದ ಒಂದೊಂದೇ ಮರೆತು ಹೋಗುತ್ತಿದೆ. ಮೊದಲು ಬೀದಿಯ ಹೆಸರು, ಆಮೇಲೆ ಮೊಮ್ಮಕ್ಕಳು, ಹೋದ ಚಳಿಗಾಲದಲ್ಲಿ ಮಗ. ಬೆಳಗ್ಗೆ ಎದ್ದು ಪಾಳಿಗೆ ಹೊತ್ತಾಯಿತು ಅನ್ನುತ್ತಾನೆ. ಮೊಳೆಯಿಂದ ಬಿಲ್ಲೆ ತಗೊಂಡು ಹಿತ್ತಲಿಗೆ ಹೋಗುತ್ತಾನೆ. ಸೌದೆಯ ಕೊಟ್ಟಿಗೆಯಲ್ಲಿ ಕೂತು ಒಂದೊಂದು ತುಂಡನ್ನೂ ತಟ್ಟಿ ಕಿವಿಗೊಟ್ಟು ಕೇಳುತ್ತಾನೆ, ಗಟ್ಟಿಯೋ ಪೊಳ್ಳೋ ಅಂತ. ಸೈಮಾ ಕಿಟಕಿಯಲ್ಲಿ ನಿಂತಿರುತ್ತಾಳೆ. ಬೈಯುವುದಿಲ್ಲ. ಕಾ‌ಲು ಗಂಟೆಗೆ ಎದ್ದು ಬರುತ್ತಾನೆ, ಬಿಲ್ಲೆ ಮೊಳೆಗೆ ಹಾಕುತ್ತಾನೆ. ಅದೊಂದು ಮಾತ್ರ ಮರೆಯುವುದಿಲ್ಲ. ಒಂದು ಸಲ ಮರೆತದ್ದಕ್ಕೆ ತಿಂದ ಏಟು ಇನ್ನೂ ನೆನಪಿದೆಯೇನೋ.

ಮೊನ್ನೆ ಹಿಮ ಜೋರಾಗಿತ್ತು. ಹೋದವನು ಅರ್ಧ ಗಂಟೆಯಾದರೂ ಬರಲಿಲ್ಲ. ಸೈಮಾ ಕೋಟು ಎಳೆದುಕೊಂಡು ಹೊರಗೆ ಹೋದಳು. ಕೊಟ್ಟಿಗೆಯಲ್ಲಿಲ್ಲ. ಹೆಜ್ಜೆ ಗುರುತು ಪಕ್ಕದ ಮನೆಯ ಕಡೆ ಹೋಗಿತ್ತು. ಲವ್‌ಡೇ ಅತ್ತೆಯ ಕಾಲದ ನಂತರ ಯಾರ್ಯಾರೋ ಬಂದು ಹೋದ ಮನೆ ಅದು. ಆ ಮನೆಯ ಹಿಂಬಾಗಿಲಿನ ಮುಂದೆ ಬರಿತಲೆಯಲ್ಲಿ ನಿಂತು, ಬಿಲ್ಲೆ ಹಿಡಿದುಕೊಂಡು, ಗೋಡೆಯ ಮೇಲೆ ಮೊಳೆ ಹುಡುಕುತ್ತಿದ್ದ.

"ಡೆನ್ಜಿಲ್! ಮನೆ ಅದಲ್ಲ ಕಣೋ."

"ಕೊನೆಯಿಂದ ಐದನೇದು," ಅಂದ ಅವನು.

ಅವಳು ಕೈ ಹಿಡಿದು ಕರೆತಂದಳು. ಅಡುಗೆಮನೆಯ ಹೊಸ್ತಿಲು ದಾಟಿದವನೇ ಮೊಳೆ ನೋಡಿದ, ಮುಖ ಅರಳಿತು. ಬಿಲ್ಲೆ ಹಾಕಿದ. ಟಿಣ್ ಅಂದಿತು. ಆಮೇಲೆ ತಿರುಗಿ, ಮೆಟ್ಟಿಲ ಮೇಲೆ ಹಿಮ ಕೊಡವಿಕೊಳ್ಳುತ್ತ ನಿಂತಿದ್ದ ಮುದುಕಿಯನ್ನು ದಿಟ್ಟಿಸಿದ. ಯಾರೋ ಹೊಸಬರನ್ನು ನೋಡುವ ಹಾಗೆ, ಮರ್ಯಾದೆಯಿಂದ ನೋಡಿದ.

"ನೀವು ಯಾರ ಕಡೆಯವರು?" ಅಂತ ಕೇಳಿದ.

ಇಷ್ಟು ದಿನ ಎಲ್ಲರನ್ನೂ ಮರೆತರೂ ಸೈಮಾಳನ್ನು ಮರೆತಿರಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಾಯಿಗೆ ಬಂದದ್ದು ಅರವತ್ತು ವರ್ಷದ ಹಿಂದೆ ಊರಿನ ಮುಂದೆ ಹೇಳಿದ್ದ ಅದೇ ಮಾತು.

"ಮನೆಯವಳೇ," ಅಂದಳು. "ಇನ್ನೂರ ಹದಿನಾಲ್ಕರ ಮನೆಯವಳು."

ಡೆನ್ಜಿಲ್ ಗೋಡೆಯ ಮೇಲಿನ ಬಿಲ್ಲೆ ನೋಡಿದ. ನಂಬರು ಓದಿದ. ತಲೆಯಾಡಿಸಿದ, ಸಮಾಧಾನವಾಯಿತು ಅನ್ನುವ ಹಾಗೆ.

"ಹಾಗಾದ್ರೆ ಹೊರಗೆ ಯಾಕೆ ನಿಂತಿದೀರ? ಒಳಗೆ ಬನ್ನಿ, ಚಳಿ," ಅಂತ ಕೈ ಚಾಚಿದ. "ಅವನು ಮೇಲೆ ಬಂದಾಯ್ತು."

ಸೈಮಾ ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಕಾಫಿಗೆ ನೀರಿಟ್ಟಳು. ಅವನ ಮುಂದೆ ಒಂದು ಅಚ್ಚು ಸಕ್ಕರೆ ಇಟ್ಟರೆ ಕಟುಂ ಅಂತ ಕಡಿದು ನುಂಗಿದ.